21ರ ಗೋಡೆ, 30ರ ಅಂಗಿ: ಪಿಟ್ಸ್‌ಬರ್ಗಿನಲ್ಲಿ ಪೈರೇಟ್ಸ್ ಜಾಡು ಹಿಡಿದು

ಗುರುವಾರ: ಸುರಂಗ, ಸೇತುವೆ, ಕಂಚು

ಪೈರೇಟ್ಸ್ ಎಂಬ ಬೇಸ್‌ಬಾಲ್ ತಂಡದ ಊರಾದ ಅಮೆರಿಕದ ಪಿಟ್ಸ್‌ಬರ್ಗ್ ದೂರದಿಂದ ಕಾಣುವಂಥದ್ದಲ್ಲ. ವಿಮಾನ ನಿಲ್ದಾಣದಿಂದ 376ನೇ ಹೆದ್ದಾರಿಯಲ್ಲಿ ಬರುವಾಗ ಎರಡೂ ಕಡೆ ಗುಡ್ಡ, ಹಸಿರು, ಅಲ್ಲೊಂದು ಇಲ್ಲೊಂದು ಗೋದಾಮು. ಇಲ್ಲೆಲ್ಲಿ ಊರು ಎಂದು ಅನುಮಾನ ಬರುವ ಹೊತ್ತಿಗೆ ಫೋರ್ಟ್ ಪಿಟ್ ಸುರಂಗ ಸಿಗುತ್ತದೆ. ಅದರ ಬಾಯಿಂದ ಹೊರಬಿದ್ದದ್ದೇ ತಡ, ನದಿ, ಹಳದಿ ಸೇತುವೆಗಳು, ಗಾಜಿನ ಕಟ್ಟಡಗಳು ಎಲ್ಲ ಒಮ್ಮೆಗೇ ಎದುರಿಗೆ ಬರುತ್ತವೆ. ಕಾರು ಓಡಿಸುವವರು ಮಾತ್ರ ಈ ನೋಟಕ್ಕೆ ಮರುಳಾಗಬಾರದು. ಸುರಂಗ ಮುಗಿದಲ್ಲೇ ಸೇತುವೆ ಶುರು, ಲೇನ್ ಬದಲಿಸಲು ಸಿಗುವ ಜಾಗ ಬಹಳ ಕಮ್ಮಿ, ತಪ್ಪಿದರೆ ನದಿಯ ಬೇರೊಂದು ದಡಕ್ಕೆ ಹೋಗಿ ಬಿದ್ದಿರುತ್ತೀರಿ. 28ಎಕ್ಸ್ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದರೆ ಈ ತಾಪತ್ರಯವಿಲ್ಲ.

ಆಗಸ್ಟ್ ತಿಂಗಳ ಸೆಕೆ ಮಂಗಳೂರಿನವರಿಗೆ ಹೊಸದಲ್ಲ, ಉಳಿದವರಿಗೆ ಕಷ್ಟ. ಡೌನ್‌ಟೌನಿನಲ್ಲಿ ರೂಮು ಹಿಡಿದರೆ ಕಾರೇ ಬೇಡ. ಆರನೇ ಬೀದಿಯ ತುದಿಯಲ್ಲಿ ಅಲೆಗೆನಿ ನದಿಗೆ ಕಟ್ಟಿದ ಹಳದಿ ಸೇತುವೆ ಇದೆ. 1998ರಿಂದ ಅದಕ್ಕೆ ಪೈರೇಟ್ಸಿನ ಹಳೆಯ ಆಟಗಾರನ ಹೆಸರು, ರಾಬರ್ಟೊ ಕ್ಲೆಮೆಂಟೆ ಸೇತುವೆ. ಮ್ಯಾಚ್ ಇರುವ ದಿನ ವಾಹನಗಳಿಗೆ ಅದನ್ನು ಮುಚ್ಚುತ್ತಾರೆ, ಜನ ರಸ್ತೆಯ ನಡುಮಧ್ಯೆಯೇ ನಡೆದು ಆಟಕ್ಕೆ ಹೋಗುತ್ತಾರೆ. ಸೇತುವೆಯ ತಲೆಯಲ್ಲಿ ನೀರಿನ ಬಾಟಲಿ, ಕಡಲೆಕಾಯಿ ಮಾರುವವರಿರುತ್ತಾರೆ. ಅಲ್ಲೇ ಕೊಳ್ಳಿ. ಸೀಲ್ ಒಡೆಯದ ನೀರಿನ ಬಾಟಲಿಯನ್ನೂ ಹೊರಗಿನ ತಿಂಡಿಯನ್ನೂ ಈ ಮೈದಾನದಲ್ಲಿ ಒಳಗೆ ಬಿಡುತ್ತಾರೆ, ಒಳಗಿನ ಬೆಲೆ ಕೈ ಸುಡುತ್ತದೆ. ಚೀಲದ ಅಳತೆಯ ನಿಯಮ ಮಾತ್ರ ಆಗಾಗ ಬದಲಾಗುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ.

ಸೇತುವೆ ದಾಟಿದರೆ ಪಿಎನ್‌ಸಿ ಪಾರ್ಕ್. 2001ರಲ್ಲಿ ತೆರೆದ ಮೈದಾನ, ಸುಮಾರು 38 ಸಾವಿರ ಸೀಟು, ಎರಡೇ ಅಂತಸ್ತು. ಟಿಕೆಟ್ ಇಲ್ಲದೆಯೂ ಇಲ್ಲಿ ಒಂದು ಸಂಜೆ ಕಳೆಯಬಹುದು, ಯಾಕೆಂದರೆ ನಾಲ್ಕು ಕಂಚಿನ ಪ್ರತಿಮೆಗಳೂ ಹೊರಗಡೆಯೇ ಇವೆ. ಸೇತುವೆಯ ಬುಡದಲ್ಲಿ ಕ್ಲೆಮೆಂಟೆ. ಅಲ್ಲಿಂದ ಫೆಡರಲ್ ಸ್ಟ್ರೀಟ್ ಹಿಡಿದರೆ ಎಡ ಔಟ್‌ಫೀಲ್ಡ್ ಬಾಗಿಲಲ್ಲಿ ವಿಲಿ ಸ್ಟಾರ್ಜೆಲ್, ಮುಖ್ಯ ದ್ವಾರದಲ್ಲಿ ಹೋನಸ್ ವ್ಯಾಗ್ನರ್, ಸುತ್ತಿ ಬಂದರೆ ಬಲ ಔಟ್‌ಫೀಲ್ಡ್ ಬಾಗಿಲಲ್ಲಿ ಬಿಲ್ ಮ್ಯಾಜರೋಸ್ಕಿ. ಅಲ್ಲಿಂದ ನದಿದಂಡೆಯ ಕಾಲುದಾರಿಯಲ್ಲಿ ನಡೆದರೆ ಮತ್ತೆ ಸೇತುವೆ. ಈ ಕ್ರಮದಲ್ಲಿ ಹೋದರೆ ಇಳಿಬಿಸಿಲು ಕಟ್ಟಡಗಳ ಮೇಲೆ ಬೀಳುವ ಹೊತ್ತಿಗೆ ಸರಿಯಾಗಿ ನದಿಯ ಬದಿಯಲ್ಲಿರುತ್ತೀರಿ.

ವ್ಯಾಗ್ನರ್ ಪ್ರತಿಮೆ ನಾಲ್ವರಲ್ಲಿ ಹಿರಿಯದು, 1955ರದ್ದು. ಆ ವರ್ಷ ಅನಾವರಣಕ್ಕೆ ಅವನೇ ಬಂದಿದ್ದ, ಡಿಸೆಂಬರಿನಲ್ಲಿ ತೀರಿಕೊಂಡ. ಪಕ್ಕದ ಕಾರ್ನೆಗಿ ಊರಿನವನು. ಎಂಟು ಸಲ ಲೀಗಿನ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲಿಗ, 1936ರಲ್ಲಿ ಆಟದ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮಿನ ಮೊದಲ ತಂಡದಲ್ಲೇ ಸೇರಿದವನು. ಇವತ್ತಿನವರಿಗೆ ಆಟಕ್ಕಿಂತ ಅವನ ಚಿತ್ರವಿರುವ ಸಿಗರೇಟ್ ಪ್ಯಾಕಿನ ಕಾರ್ಡಿನಿಂದಲೇ ಪರಿಚಯ. 2022ರಲ್ಲಿ ಅಂಥದ್ದೊಂದು ಕಾರ್ಡು 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಸ್ಟಾರ್ಜೆಲ್ 475 ಹೋಮ್ ರನ್ನಿನ (ಚೆಂಡನ್ನು ಗೋಡೆಯಾಚೆ ಕಳಿಸುವ ಹೊಡೆತ) ಧಣಿ. ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವಿಶ್ವ ಸರಣಿಯಲ್ಲಿ, 1979ರಲ್ಲಿ, 39ರ ವಯಸ್ಸಿಗೆ ಶ್ರೇಷ್ಠ ಆಟಗಾರನಾದವನು. ಇದೇ ಮೈದಾನದ ಮೊದಲ ಲೀಗ್ ಪಂದ್ಯ 2001ರ ಏಪ್ರಿಲ್ 9ರಂದು. ಆ ಬೆಳಿಗ್ಗೆಯೇ ಅವನು ಸತ್ತ. ಪ್ರತಿಮೆಯ ಪಾದದಲ್ಲಿ ಹೂವು ರಾಶಿ ಬಿತ್ತು.

ನಾಲ್ವರಲ್ಲಿ ಮೂವರು ಬದುಕಿಡೀ ಈ ಒಂದೇ ತಂಡಕ್ಕೆ ಆಡಿದವರು. ಕ್ಲೆಮೆಂಟೆ 18 ಸೀಸನ್, ಮ್ಯಾಜರೋಸ್ಕಿ 17, ಸ್ಟಾರ್ಜೆಲ್ 21. ಪ್ರತಿಮೆಯ ಬಳಿ ನಿಂತ ಹಿರಿಯ ಅಭಿಮಾನಿಗಳು ಇದನ್ನೇ ಹೇಳುತ್ತಾರೆ: ಆಗ ನಿಷ್ಠೆ ಇತ್ತು, ಈಗೆಲ್ಲ ದುಡ್ಡು. ಮಾತು ಅರ್ಧ ಮಾತ್ರ ನಿಜ. 1975ರವರೆಗೆ ‘ರಿಸರ್ವ್ ಕ್ಲಾಜ್’ ಎಂಬ ನಿಯಮವಿತ್ತು. ಒಮ್ಮೆ ಸಹಿ ಹಾಕಿದ ಆಟಗಾರ ತಂಡದವರು ಮಾರುವ ತನಕ ಅವರ ಸೊತ್ತು, ತಾನಾಗಿ ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ. ಕ್ಲೆಮೆಂಟೆ ಹೋಗದೆ ಉಳಿದದ್ದರಲ್ಲಿ ಪ್ರೀತಿ ಎಷ್ಟು, ಬಾಗಿಲಿಗೆ ಹಾಕಿದ ಬೀಗ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಪೈರೇಟ್ಸಿನ ಇಂದಿನ ಆಟಗಾರರ ಮಾತು ಎತ್ತುವ ಮುಂಚೆ ಇದು ತಲೆಯಲ್ಲಿರಬೇಕು.

ಶುಕ್ರವಾರ: ಉಳಿದ ಗೋಡೆ, ಚಿಕ್ಕ ಕಲ್ಲು

ಬೆಳಿಗ್ಗೆಯೇ ಮೋಡ. ಡೌನ್‌ಟೌನಿನಿಂದ ಓಕ್‌ಲ್ಯಾಂಡಿಗೆ 61 ಮತ್ತು 71ರ ಸರಣಿಯ ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ನಡುವೆ ಇಳಿದು, ರಾಬರ್ಟೊ ಕ್ಲೆಮೆಂಟೆ ಡ್ರೈವ್ ಎಂಬ ಸಣ್ಣ ರಸ್ತೆ ಹುಡುಕಿದರೆ ಇಟ್ಟಿಗೆಯ ಗೋಡೆಯೊಂದು ಸಿಗುತ್ತದೆ. ಬಳ್ಳಿ ಹಬ್ಬಿದೆ, ಮುಂದೆ ಹಳೆಯ ಧ್ವಜಸ್ತಂಭ, ಗೋಡೆಯ ಮೇಲೆ ‘457’ ಎಂಬ ಅಡಿ ಲೆಕ್ಕ. 1909ರಿಂದ 1970ರವರೆಗೆ ತಂಡದ ಮನೆಯಾಗಿದ್ದ ಫೋರ್ಬ್ಸ್ ಫೀಲ್ಡಿನಲ್ಲಿ ಈಗ ನಿಂತಿರುವುದು ಇಷ್ಟೇ.

ಇಷ್ಟೇ ಎಂದರೂ ಕಮ್ಮಿಯಲ್ಲ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನಿಂದ 457 ಅಡಿ ಎಂದರೆ ಚೆಂಡು ಹೊಡೆದವನಿಗೆ ಗೋಡೆ ಕಣ್ಣಿಗೆ ಕಂಡರೂ ಕೈಗೆ ಸಿಗದ ದೂರ. ಅದಕ್ಕೇ ಇಲ್ಲಿ ಹೋಮ್ ರನ್ನಿಗಿಂತ ಓಟದ ಆಟ ಬೆಳೆಯಿತು. ನೇರ ಹೊಡೆತ ಹೊಡೆದು ಮೂರು ಬೇಸ್ ಓಡುವ ಕ್ಲೆಮೆಂಟೆ, ವ್ಯಾಗ್ನರ್‌ನಂಥವರಿಗೆ ಹೇಳಿಮಾಡಿಸಿದ ಅಂಗಳ ಇದು. ವಿಚಿತ್ರವೆಂದರೆ ಇಷ್ಟು ದೊಡ್ಡ ಮೈದಾನದಲ್ಲಿ 61 ವರ್ಷದಲ್ಲಿ ಒಬ್ಬ ಪಿಚರೂ (ಎಸೆತಗಾರ) ‘ನೋ ಹಿಟ್ಟರ್’ ಎಸೆಯಲಿಲ್ಲ, ಅಂದರೆ ಬೇಸ್ ಮುಟ್ಟಿಸುವ ಹೊಡೆತವಾದ ‘ಹಿಟ್’ ಒಂದನ್ನೂ ಎದುರಾಳಿಗೆ ಕೊಡದೆ ಪಂದ್ಯ ಮುಗಿಸಲಿಲ್ಲ. ಬೇಬ್ ರೂತ್ ತನ್ನ ಕೊನೆಯ ಮೂರು ಹೋಮ್ ರನ್ ಹೊಡೆದದ್ದೂ ಇಲ್ಲೇ, 1935ರ ಮೇ 25ರಂದು ಒಂದೇ ಪಂದ್ಯದಲ್ಲಿ.

ಗೋಡೆ ಮುಗಿದಲ್ಲಿ ಪಾದಚಾರಿ ದಾರಿಯಲ್ಲಿ ಕಾಲಡಿಗೆ ಒಂದು ಫಲಕವಿದೆ. ನೋಡದೆ ತುಳಿದುಕೊಂಡು ಹೋಗುವವರೇ ಹೆಚ್ಚು. 1960ರ ಅಕ್ಟೋಬರ್ 13ರಂದು ಮ್ಯಾಜರೋಸ್ಕಿ ಹೊಡೆದ ಚೆಂಡು ಗೋಡೆ ದಾಟಿದ್ದು ಅಲ್ಲಿ. ಎದುರಾಳಿ ನ್ಯೂಯಾರ್ಕ್ ಯಾಂಕೀಸ್. ಏಳು ಪಂದ್ಯಗಳಲ್ಲಿ ಅವರು ಹೊಡೆದ ರನ್ 55, ಪೈರೇಟ್ಸ್ 27. ಒಟ್ಟು ಲೆಕ್ಕದಲ್ಲಿ ಅರ್ಧಕ್ಕರ್ಧ ಹಿಂದೆ ಬಿದ್ದ ತಂಡ ಸರಣಿ ಗೆದ್ದದ್ದು ಹೇಗೆಂದರೆ, ಸೋತಾಗ ದೊಡ್ಡದಾಗಿ ಸೋತು ಗೆದ್ದಾಗ ಚೂರರಲ್ಲಿ ಗೆದ್ದು. ಏಳನೇ ಪಂದ್ಯ 9–9ರಲ್ಲಿ ನಿಂತಿತ್ತು. ಕೊನೆಯ, ಒಂಬತ್ತನೇ ಇನಿಂಗ್ಸಿನ ಕೆಳಭಾಗ, ಅಂದರೆ ಪೈರೇಟ್ಸಿನ ಬ್ಯಾಟಿಂಗ್ ಸರದಿ; ಯಾಂಕೀಸ್ ಪಿಚರ್ ರಾಲ್ಫ್ ಟೆರಿ. ಮೊದಲ ಬ್ಯಾಟರ್ ಮ್ಯಾಜರೋಸ್ಕಿ ಎರಡನೇ ಎಸೆತವನ್ನು ಹೊರಗಟ್ಟಿದ. 10–9. ವಿಶ್ವ ಸರಣಿಯ ಏಳನೇ ಪಂದ್ಯ ಹೋಮ್ ರನ್ನಿನಲ್ಲಿ ಮುಗಿದದ್ದು ಅದೊಂದೇ ಸಲ.

ಜನ ಮರೆಯುವ ಸಂಗತಿ ಎಂದರೆ ಮ್ಯಾಜರೋಸ್ಕಿ ದೊಡ್ಡ ಹೊಡೆತಗಾರನೇ ಅಲ್ಲ. ಜೀವಮಾನದ ಸರಾಸರಿ .260, ಅಂದರೆ ಸಾವಿರ ಬ್ಯಾಟಿಂಗ್ ಸರದಿಗೆ 260 ಹಿಟ್. ಅವನ ವಿದ್ಯೆ ಎರಡನೇ ಬೇಸಿನಲ್ಲಿತ್ತು. ಚೆಂಡು ಗ್ಲೌಸಿಗೆ ಬಡಿದದ್ದು, ಕೈಗೆ ಬಂದದ್ದು, ಮೊದಲ ಬೇಸಿಗೆ ಹಾರಿದ್ದು ಎಲ್ಲ ಒಂದೇ ಚಲನೆ. ಎರಡನೇ ಬೇಸಿನವನಾಗಿ 1,706 ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡುವುದು) ಮಾಡಿದ ದಾಖಲೆ ಅವನದು. ಅವನನ್ನು ಆ ಒಂದು ಹೊಡೆತದಿಂದಲೇ ಅಳೆಯುವುದು ಅನ್ಯಾಯ, ಆದರೆ ಊರು ಪ್ರತಿಮೆ ಮಾಡಿಸಿದ್ದು ಆ ಹೊಡೆತದ್ದನ್ನೇ.

ಗೋಡೆಯ ಪಕ್ಕದ ಪೋಸ್ವಾರ್ ಹಾಲ್ ಕಟ್ಟಡದ ನೆಲದಲ್ಲಿ, ಗಾಜಿನ ಕೆಳಗೆ, ಹಳೆಯ ಹೋಮ್ ಪ್ಲೇಟನ್ನು ಹೂತಿಟ್ಟಿದ್ದಾರೆ. ಕಾಲೇಜು ಕಟ್ಟಡವಾದ್ದರಿಂದ ವಾರದ ದಿನ, ಹಗಲಲ್ಲಿ ಹೋಗುವುದು ಮೇಲು. ಗಾಜಿನ ಮೇಲೆ ಬ್ಯಾಗು ಇಳಿಸಿ ಫೋನ್ ನೋಡುತ್ತಿದ್ದ ವಿದ್ಯಾರ್ಥಿಯೊಬ್ಬ, ನೋಡಲು ಬಂದವರನ್ನು ಕಂಡು ಬ್ಯಾಗು ಸರಿಸಿ, ಇದೇನೆಂದು ತಾನೇ ಬಗ್ಗಿ ನೋಡಿದ.

ಮಧ್ಯಾಹ್ನ ಲಾರೆನ್ಸ್‌ವಿಲ್. ದಾರಿಯಲ್ಲಿ ಸ್ಟ್ರಿಪ್ ಡಿಸ್ಟ್ರಿಕ್ಟಿನಲ್ಲಿ ಊಟ. ಇಲ್ಲಿನ ಪ್ರಿಮ್ಯಾಂಟಿ ಅಂಗಡಿಯ ಸ್ಯಾಂಡ್‌ವಿಚ್ಚಿನಲ್ಲಿ ಆಲೂಗಡ್ಡೆ ಫ್ರೈಸನ್ನೂ ಕೋಸಿನ ಸಲಾಡನ್ನೂ ಬ್ರೆಡ್ಡಿನ ಒಳಗೇ ತುರುಕಿ ಕೊಡುತ್ತಾರೆ. ಸಸ್ಯಾಹಾರಿಗಳು ಚೀಸಿನದ್ದು ಕೇಳಬಹುದು. ಅದಕ್ಕಿಂತ ಪಿಯರೋಗಿ ವಾಸಿ: ಆಲೂಗಡ್ಡೆ, ಚೀಸು ತುಂಬಿ ಬೇಯಿಸಿ ಬೆಣ್ಣೆಯಲ್ಲಿ ಹುರಿದದ್ದು, ಆಕಾರದಲ್ಲಿ ನಮ್ಮ ಕರಿಗಡುಬಿನ ತಮ್ಮ. ಈರುಳ್ಳಿಯ ಜೊತೆ ಹಂದಿಮಾಂಸದ ಚೂರು ಹಾಕುವ ಅಂಗಡಿಗಳಿವೆ, ತಿನ್ನದವರು ಮೊದಲೇ ಹೇಳಬೇಕು.

ಪೆನ್ ಅವೆನ್ಯೂದಲ್ಲಿ ಹಳೆಯ ಅಗ್ನಿಶಾಮಕ ಠಾಣೆಯ ಕಟ್ಟಡವೊಂದಿದೆ, ಎಂಜಿನ್ ಹೌಸ್ 25. ಅದೇ ಈಗ ಕ್ಲೆಮೆಂಟೆ ಮ್ಯೂಸಿಯಂ. ಬಾಗಿಲು ತಟ್ಟಿ ಒಳಗೆ ಹೋಗುವ ಜಾಗವಲ್ಲ, ಮೊದಲೇ ಸಮಯ ಗೊತ್ತುಮಾಡಿಕೊಂಡರೆ ಮಾರ್ಗದರ್ಶಕರೇ ಜೊತೆಗಿದ್ದು ತೋರಿಸುತ್ತಾರೆ. ಕ್ಲೆಮೆಂಟೆ ಪೋರ್ಟೊರಿಕೊದ ಕರೊಲಿನಾ ಊರಿನ ಕಪ್ಪು ಹುಡುಗ, 1954ರ ಕೊನೆಯಲ್ಲಿ ಬ್ರೂಕ್ಲಿನ್ ಡಾಡ್ಜರ್ಸಿನಿಂದ ಪೈರೇಟ್ಸಿಗೆ ಬಂದವನು. ಇಲ್ಲಿನ ಪತ್ರಿಕೆಯವರು ಅವನ ಇಂಗ್ಲಿಷನ್ನು ಉಚ್ಚಾರ ಸಮೇತ ಅಚ್ಚು ಹಾಕಿ ನಕ್ಕರು, ಕಾರ್ಡುಗಳಲ್ಲಿ ಹೆಸರನ್ನು ‘ಬಾಬ್’ ಮಾಡಿದರು. ನಾಲ್ಕು ಸಲ ಬ್ಯಾಟಿಂಗ್ ಪ್ರಶಸ್ತಿ, ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲೌಸ್ 12. 1971ರ ವಿಶ್ವ ಸರಣಿಯಲ್ಲಿ ಸರಾಸರಿ .414. ಗೆದ್ದ ಮೇಲೆ ಟಿವಿಯ ಮೈಕಿನ ಮುಂದೆ, ದೇಶವೆಲ್ಲ ನೋಡುತ್ತಿರುವಾಗ, ಮೊದಲು ಸ್ಪ್ಯಾನಿಷಿನಲ್ಲಿ ಅಪ್ಪ ಅಮ್ಮನ ಆಶೀರ್ವಾದ ಕೇಳಿದ. ಮುಂದಿನ ವರ್ಷ ಸೆಪ್ಟೆಂಬರ್ 30ರಂದು 3,000ನೇ ಹಿಟ್. ಲೀಗ್ ಪಂದ್ಯಗಳಲ್ಲಿ ಅದೇ ಕೊನೆಯದು. ಡಿಸೆಂಬರ್ 31ರ ರಾತ್ರಿ ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಹೊತ್ತ ವಿಮಾನ ಸಮುದ್ರಕ್ಕೆ ಬಿತ್ತು. ಅದರಲ್ಲಿ ಅವನಿದ್ದ. ಹಾಲ್ ಆಫ್ ಫೇಮಿಗೆ ಐದು ವರ್ಷ ಕಾಯುವ ನಿಯಮವನ್ನು ಅವನಿಗಾಗಿ ಸಡಿಲಿಸಿ 1973ರಲ್ಲೇ ಸೇರಿಸಿದರು.

ಅದೇ 1971ರ ಸೆಪ್ಟೆಂಬರ್ 1ರಂದು ಪೈರೇಟ್ಸ್ ಇಳಿಸಿದ ಒಂಬತ್ತು ಜನರೂ ಕರಿಯರು ಮತ್ತು ಲ್ಯಾಟಿನ್ ಅಮೆರಿಕದವರು. ಬೇಸ್‌ಬಾಲಿನ ಮೇಲುಹಂತವಾದ ಮೇಜರ್ ಲೀಗಿನಲ್ಲಿ ಅದು ಮೊದಲ ಸಲ. ಮ್ಯಾನೇಜರ್ ಡ್ಯಾನಿ ಮರ್ಟಾಗ್ ಆ ದಿನದ ಒಳ್ಳೆಯ ಒಂಬತ್ತು ಜನರನ್ನು ಆರಿಸಿದ್ದ, ಅಷ್ಟೇ. ಈ ತಂಡದ ಚರಿತ್ರೆಯಲ್ಲಿ ಯಾವ ಹೋಮ್ ರನ್ನಿಗಿಂತಲೂ ದೊಡ್ಡದು ಈ ಪಟ್ಟಿ ಎಂದು ನನ್ನ ಎಣಿಕೆ.

ಪೆನ್ ಅವೆನ್ಯೂ ಹಿಡಿದು ಮುಂದೆ ಹೋದರೆ ಅಲೆಗೆನಿ ಸ್ಮಶಾನ. ಎಕರೆಗಟ್ಟಲೆ ಏರಿಳಿತ. ಕಚೇರಿಯಲ್ಲಿ ನಕ್ಷೆ ಕೇಳದೆ ಹುಡುಕಲು ಹೊರಟರೆ ಸಂಜೆಯಾಗುತ್ತದೆ. ಜಾಶ್ ಗಿಬ್ಸನ್ ಸಮಾಧಿಗೆ ಇರುವುದು ಒಂದು ಚಿಕ್ಕ ಕಲ್ಲು, 1975ರವರೆಗೆ ಅದೂ ಇರಲಿಲ್ಲ. ಇದೇ ಊರಿನ ಕ್ರಾಫರ್ಡ್ಸ್, ಹೋಮ್‌ಸ್ಟೆಡ್ ಗ್ರೇಸ್ ಎಂಬ ಕರಿಯರ ತಂಡಗಳಿಗೆ ಆಡಿದ ಕ್ಯಾಚರ್. ಪೈರೇಟ್ಸ್ ಅಂಗಿ ತೊಡುವ ಅವಕಾಶ ಬಣ್ಣದ ಕಾರಣಕ್ಕೆ ಸಿಗಲಿಲ್ಲ. 35ರ ವಯಸ್ಸಿಗೆ, ಬಣ್ಣದ ತಡೆ ಮುರಿದ ಜಾಕಿ ರಾಬಿನ್‌ಸನ್ ಮೇಜರ್ ಲೀಗಿಗೆ ಕಾಲಿಡುವ ಮೂರು ತಿಂಗಳ ಮೊದಲು ತೀರಿಕೊಂಡ. 2024ರಲ್ಲಿ ನೀಗ್ರೋ ಲೀಗುಗಳ ಅಂಕಿಸಂಖ್ಯೆಯನ್ನು ಮೇಜರ್ ಲೀಗಿನ ಲೆಕ್ಕಕ್ಕೆ ಸೇರಿಸಿದಾಗ .372 ಸರಾಸರಿಯೊಂದಿಗೆ ಗಿಬ್ಸನ್ ಸಾರ್ವಕಾಲಿಕ ಪಟ್ಟಿಯ ತಲೆಗೆ ಏರಿದ. ಪಿಎನ್‌ಸಿ ಪಾರ್ಕಿನ ಒಳಗೆ 2006ರಲ್ಲಿ ಅವನದೂ ಅವನ ಜೊತೆಯವರದೂ ಪ್ರತಿಮೆಗಳನ್ನು ಇಟ್ಟಿದ್ದರು. 2015ರಲ್ಲಿ ತೆಗೆದರು.

ಕಲ್ಲಿನ ಬಳಿ ಇರುವಾಗಲೇ ಮಳೆ ಹನಿಯಿತು. ನಿಲ್ಲುವುದಕ್ಕೆ ಅಲ್ಲಿ ಮರ ಬಿಟ್ಟರೆ ಸೂರಿಲ್ಲ, ಗುಡುಗಿದರೆ ಮರವೂ ಆಗದು. ಕೊಡೆ ಇಲ್ಲದೆ ಈ ಊರಿನ ಬೇಸಿಗೆಯಲ್ಲಿ ಹೊರಗೆ ಕಾಲಿಡಬಾರದು.

ಶನಿವಾರ: ಪುಳಿಯೋಗರೆ, ಪಿಚರ್

ಊರಿನ ಪೂರ್ವಕ್ಕೆ ಪೆನ್ ಹಿಲ್ಸ್ ಗುಡ್ಡದ ಮೇಲೆ ಶ್ರೀ ವೆಂಕಟೇಶ್ವರ ದೇವಸ್ಥಾನ ಇದೆ. 1976ರಲ್ಲಿ ಪ್ರತಿಷ್ಠೆಯಾದದ್ದು, ಅಮೆರಿಕದ ಹಳೆಯ ಹಿಂದೂ ದೇವಸ್ಥಾನಗಳಲ್ಲೊಂದು. ನ್ಯೂಜೆರ್ಸಿ, ಒಹಾಯೊ, ಮಿಶಿಗನ್ ಕಡೆಯ ಕನ್ನಡದ ಮನೆಗಳಲ್ಲಿ, ಊರಿನಿಂದ ಅಪ್ಪ ಅಮ್ಮ ಬಂದರೆಂದರೆ ನಯಾಗರದ ಜೊತೆಗೆ ಈ ಗುಡ್ಡವೂ ಸುತ್ತಾಟದ ಪಟ್ಟಿಯಲ್ಲಿರುತ್ತದೆ. ದರ್ಶನದ ನಂತರ ಕೆಳಗಿನ ಕ್ಯಾಂಟೀನಿನಲ್ಲಿ ಪುಳಿಯೋಗರೆ, ಮೊಸರನ್ನ. ಮಧ್ಯಾಹ್ನ ತಡಮಾಡಿದರೆ ಮೊದಲು ಖಾಲಿಯಾಗುವುದು ಪುಳಿಯೋಗರೆ. ಅಲ್ಲಿ ಸಾಲಿನಲ್ಲಿ ಸಿಕ್ಕ ಮೈಸೂರಿನ ಹಿರಿಯರೊಬ್ಬರು ನಮ್ಮ ಕಪ್ಪು ಹಳದಿ ಟೋಪಿ ನೋಡಿ, “ಇದ್ಯಾವ ಕ್ಲಬ್ಬು ಸ್ವಾಮಿ?” ಎಂದರು. ಬೇಸ್‌ಬಾಲ್ ಎಂದಾಗ, “ನಮ್ಮೋರು ಯಾರಾದ್ರೂ ಆಡ್ತಾರಾ?” ಎಂಬುದು ಮುಂದಿನ ಪ್ರಶ್ನೆ.

ಪ್ರಶ್ನೆ ಸರಿಯಾದ ಊರಿನಲ್ಲೇ ಬಂತು. 2008ರ ನವೆಂಬರಿನಲ್ಲಿ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಉತ್ತರಪ್ರದೇಶದ ಇಬ್ಬರು ಹುಡುಗರೊಂದಿಗೆ ಒಪ್ಪಂದ ಮಾಡಿಕೊಂಡದ್ದು ಇದೇ ಪೈರೇಟ್ಸ್. ಇಬ್ಬರೂ ಭರ್ಜಿ ಎಸೆತದವರು, ಭಾರತದಲ್ಲಿ ನಡೆದ ಚೆಂಡೆಸೆತದ ಟಿವಿ ಸ್ಪರ್ಧೆಯಿಂದ ಬಂದವರು, ಅದಕ್ಕೆ ಮೊದಲು ಬೇಸ್‌ಬಾಲ್ ಮುಟ್ಟಿದವರಲ್ಲ. 2009ರಲ್ಲಿ ಫ್ಲಾರಿಡಾದ ಬ್ರೇಡೆಂಟನ್‌ನಲ್ಲಿ ತಂಡದ ಕೆಳಹಂತದ ಲೀಗಿನಲ್ಲಿ ಆಡಿದರು. ದಿನೇಶ್ ಬೇಗ ಊರಿಗೆ ಮರಳಿದ, ಎಡಗೈಯ ರಿಂಕು ಇನ್ನೂ ಕೆಲವು ವರ್ಷ ಉಳಿದು ಆಮೇಲೆ ಕುಸ್ತಿಯ ಅಖಾಡಕ್ಕೆ ಹೋದ. ಪಿಟ್ಸ್‌ಬರ್ಗಿನ ಮೈದಾನದ ತನಕ ಇಬ್ಬರೂ ಬರಲಿಲ್ಲ. ಕಾರಣ ವೇಗದ ಕೊರತೆಯೊಂದೇ ಅಲ್ಲ. ಗುರಿಗೆ ಎಸೆಯುವುದನ್ನು ಕಲಿಯಬಹುದು. ಬ್ಯಾಟರಿನ ಮನಸ್ಸು ಓದಿ ಯಾವ ಎಸೆತದ ನಂತರ ಯಾವುದು ಎಂದು ತೀರ್ಮಾನಿಸುವುದಕ್ಕೆ ಇಲ್ಲಿನ ಹುಡುಗರು ಎಂಟನೇ ವಯಸ್ಸಿನಿಂದ ಆಡಿ ಬಂದಿರುತ್ತಾರೆ.

ಮರಳುವಾಗ ಸ್ಕ್ವಿರಲ್ ಹಿಲ್ ಸುರಂಗದ ಬಾಯಲ್ಲಿ ವಾಹನ ಸಾಲುಗಟ್ಟಿದ್ದವು. ಯಾವಾಗಲೂ ಹೀಗೇ. ಸುರಂಗ ಕಂಡ ಕೂಡಲೇ ಎಲ್ಲರೂ ಬ್ರೇಕ್ ಒತ್ತುತ್ತಾರೆ, ಅದರ ಅಲೆ ಮೈಲುಗಟ್ಟಲೆ ಹಿಂದಕ್ಕೆ ಹೋಗುತ್ತದೆ. ದೇವಸ್ಥಾನದಿಂದ ಮ್ಯಾಚಿಗೆ ಹೋಗುವವರು ಎರಡು ತಾಸು ಮುಂಚೆ ಹೊರಡಬೇಕು. ಕಾರನ್ನು ಡೌನ್‌ಟೌನಿನಲ್ಲಿ ಬಿಟ್ಟು ‘ಟಿ’ ರೈಲಿನಲ್ಲಿ ನದಿಯಾಚೆಯ ನಾರ್ತ್ ಸೈಡ್ ನಿಲ್ದಾಣಕ್ಕೆ ಹೋದರೆ ಟಿಕೆಟ್ಟೇ ಬೇಡ, ಆ ತುಂಡು ಪುಕ್ಕಟೆ.

ಮ್ಯಾಚಿನ ದಿನವನ್ನು ಆರಿಸುವುದರಲ್ಲೇ ಅರ್ಧ ಜಾಣತನ. ಮೊದಲ ಎಸೆತಗಾರ ದಿನಾ ಆಡುವುದಿಲ್ಲ, ಐದಾರು ದಿನಕ್ಕೊಮ್ಮೆ ಸರದಿ. ಯಾರ ಸರದಿ ಎಂಬುದನ್ನು ತಂಡ ಎರಡು ಮೂರು ದಿನ ಮೊದಲು ಹೇಳುತ್ತದೆ. ಆದರೆ ನಡುವೆ ಒಂದು ಮಳೆ ಬಂದರೂ ಲೆಕ್ಕ ಒಂದು ದಿನ ಮುಂದಕ್ಕೆ ಜಾರಬಹುದು. 2025ರಲ್ಲಿ ಪೈರೇಟ್ಸ್ ನೋಡುವುದೆಂದರೆ 30ನೇ ನಂಬರಿನ ಪಾಲ್ ಸ್ಕೀನ್ಸ್ ಎಸೆಯುವ ದಿನ ನೋಡುವುದು. ಉಳಿದ ದಿನ ಖಾಲಿ ಸೀಟು ಬೇಕಾದಷ್ಟು, ಅವನ ದಿನ ಸೇತುವೆಯ ಮೇಲೆಯೇ ಗೊತ್ತಾಗುತ್ತದೆ.

ಸೀಟು: ಹೋಮ್ ಪ್ಲೇಟಿನ ಹಿಂದೆ ಅಥವಾ ಮೂರನೇ ಬೇಸಿನ ಕಡೆ, ಮೇಲಂತಸ್ತಿನಲ್ಲಿ. ಅಗ್ಗ, ನದಿಯಾಚೆಯ ಊರು ಪೂರ್ತಿ ಎದುರಿಗಿರುತ್ತದೆ, ಮೇಲಿನ ಸಾಲುಗಳಿಗೆ ಸೂರಿನ ನೆರಳೂ ಉಂಟು. ಔಟ್‌ಫೀಲ್ಡಿನಲ್ಲಿ ಕೂತರೆ ಸಂಜೆಯ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಬಲ ಔಟ್‌ಫೀಲ್ಡಿನ ಗೋಡೆ 21 ಅಡಿ ಎತ್ತರ, ಕ್ಲೆಮೆಂಟೆಯ ಅಂಗಿಯ ನಂಬರು. ಅದರ ಮೇಲಿದ್ದ ‘21’ರ ಗುರುತನ್ನು 2025ರ ಸೀಸನ್ನಿನ ಆರಂಭದಲ್ಲಿ ಜಾಹೀರಾತಿಗಾಗಿ ತೆಗೆದದ್ದು ದೊಡ್ಡ ರಗಳೆಯಾಯಿತು. ಕ್ಲೆಮೆಂಟೆ ಕುಟುಂಬ ನೊಂದುಕೊಂಡಿತು, ಊರು ಸಿಟ್ಟಾಯಿತು, ಕೆಲವೇ ದಿನದಲ್ಲಿ ತಂಡ ಕ್ಷಮೆ ಕೇಳಿ ಅದನ್ನು ಮತ್ತೆ ಹಾಕಿತು. ಆ ಗೋಡೆಯಾಚೆ ನದಿ, ಹೋಮ್ ಪ್ಲೇಟಿನಿಂದ 443 ಅಡಿ. ಅದೇ ವರ್ಷ ಮೇ 25ರಂದು ಒನೀಲ್ ಕ್ರೂಸ್ ಗಂಟೆಗೆ 122.9 ಮೈಲಿ ವೇಗದಲ್ಲಿ ಹೊಡೆದ ಚೆಂಡು ನದಿ ಸೇರಿತು. ವೇಗ ಅಳೆಯಲು ಶುರುವಾದ 2015ರಿಂದೀಚೆಗೆ ಅದಕ್ಕಿಂತ ಬಿರುಸಾದ ಹೊಡೆತ ಅಲ್ಲಿಯವರೆಗೆ ದಾಖಲಾಗಿರಲಿಲ್ಲ. ಇದೇ ಕ್ರೂಸ್ ಮರುದಿನ ಸುಲಭದ ಎಸೆತಕ್ಕೆ ಬ್ಯಾಟು ಬೀಸಿ ಗಾಳಿ ಹೊಡೆಯುತ್ತಾನೆ. ಅವನ ಅಭಿಮಾನಿಯಾಗಲು ಗಟ್ಟಿ ಗುಂಡಿಗೆ ಬೇಕು.

ಮಳೆಯಿಂದಾಗಿ ಆಟ ತಡವಾಯಿತು. ಮೈದಾನದ ಮೇಲೆ ಟಾರ್ಪಾಲು ಎಳೆದರು, ಜನ ಒಳಗಿನ ಮೊಗಸಾಲೆಗೆ ಸರಿದರು. ಇಂಥ ಹೊತ್ತಿನಲ್ಲಿ ಎದ್ದು ಹೋಗಬೇಡಿ. ಬೇಸಿಗೆಯ ಗುಡುಗುಮಳೆ ಬೇಗ ಹಾಯುತ್ತದೆ, ಅದೂ ಅಲ್ಲದೆ ಕಥೆಗಳು ಹೊರಬರುವುದು ಆಗಲೇ. ಟಿಕೆಟ್ ನೋಡಿ ಸೀಟು ತೋರಿಸುವ ಅಜ್ಜನೊಬ್ಬರು 2013ರ ಅಕ್ಟೋಬರ್ 1ರ ಮಾತು ತೆಗೆದರು. ಅದಕ್ಕೊಂದು ಹಿನ್ನೆಲೆ: 1992ರ ಅಕ್ಟೋಬರಿನಲ್ಲಿ ಅಟ್ಲಾಂಟದಲ್ಲಿ ಪೈರೇಟ್ಸ್ ವಿಶ್ವ ಸರಣಿ ಸೇರಲು ಒಂದು ಔಟ್ ಬಾಕಿಯಿದ್ದಾಗ, ಪೈರೇಟ್ಸಿನ ಬ್ಯಾರಿ ಬಾಂಡ್ಸ್ ಎಸೆದ ಚೆಂಡಿಗಿಂತ ಕೂದಲೆಳೆ ಮೊದಲು ಅಟ್ಲಾಂಟದ ಸಿಡ್ ಬ್ರೀಮ್ ಹೋಮ್ ಪ್ಲೇಟಿಗೆ ಜಾರಿ ಪಂದ್ಯ ಕಸಿದ. ಬ್ರೀಮ್ ಎರಡು ವರ್ಷದ ಹಿಂದಿನವರೆಗೆ ಪೈರೇಟ್ಸಿನವನೇ. ಬಾಂಡ್ಸ್ ಆ ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ. ಆಮೇಲೆ ಸಾಲಾಗಿ 20 ಸೀಸನ್ ಗೆಲುವಿಗಿಂತ ಸೋಲೇ ಹೆಚ್ಚು. 2013ರಲ್ಲಿ ಆಂಡ್ರ್ಯೂ ಮೆಕ್‌ಕಚನ್ ಲೀಗಿನ ಶ್ರೇಷ್ಠ ಆಟಗಾರನಾದ ವರ್ಷ, ಒಂದೇ ಪಂದ್ಯದ ನಾಕೌಟ್ ಇಲ್ಲಿ ನಡೆಯಿತು. ಸಿನ್ಸಿನಾಟಿಯ ಪಿಚರ್ ಜಾನಿ ಕ್ವೆಟೊ ಹೆಸರನ್ನು 40 ಸಾವಿರ ಜನ ರಾಗ ಎಳೆದು ಕೂಗುತ್ತಿದ್ದಂತೆ ಅವನ ಕೈಯಿಂದ ಚೆಂಡು ಜಾರಿ ಬಿತ್ತು. ಮುಂದಿನ ಎಸೆತ ರಸೆಲ್ ಮಾರ್ಟಿನ್ ಬ್ಯಾಟಿನಿಂದ ಗೋಡೆಯಾಚೆಗೆ ಹೋಯಿತು.

ಮೆಕ್‌ಕಚನ್‌ನನ್ನು 2018ರ ಜನವರಿಯಲ್ಲಿ ಮಾರಿದರು, ಅದೇ ತಿಂಗಳು ಪಿಚರ್ ಗೆರಿಟ್ ಕೋಲ್‌ನನ್ನೂ. 2023ರಲ್ಲಿ ಮೆಕ್‌ಕಚನ್ ಮರಳಿ ಬಂದು ತನ್ನ 2,000ನೇ ಹಿಟ್ಟನ್ನು ಇದೇ ಮೈದಾನದಲ್ಲಿ ಹೊಡೆದ. 2025ರಲ್ಲಿ ತಂಡದ ಹೋಮ್ ರನ್ ಪಟ್ಟಿಯಲ್ಲಿ ಕ್ಲೆಮೆಂಟೆಯ 240ನ್ನು ದಾಟಿದ. ಅವನು ಬ್ಯಾಟು ಹಿಡಿದು ಬಂದಾಗ ಎದ್ದ ಚಪ್ಪಾಳೆಯಲ್ಲಿ ಸ್ವಲ್ಪ ಹಳೆಯ ಲೆಕ್ಕವೂ ಇತ್ತು. ಅದೇ ಜನ ಇನ್ನೊಂದು ಗಳಿಗೆಗೆ ಮಾಲೀಕರಿಗೆ ‘ತಂಡ ಮಾರಿ’ ಎಂದು ಕೂಗುತ್ತಾರೆ.

ಮಳೆ ನಿಂತ ಮೇಲೆ ಸ್ಕೀನ್ಸ್. ಆರಡಿ ಆರಂಗುಲದ ಆಳು. ನೇರ ಎಸೆತ 98 ಮೈಲಿಯ ಆಸುಪಾಸು. ಅಷ್ಟು ವೇಗ ಈಗ ಅಪರೂಪವಲ್ಲ. ತೊಂದರೆ ಕೊಡುವುದು ಅವನ ‘ಸ್ಪ್ಲಿಂಕರ್’. 94 ಮೈಲಿಯ ಆಸುಪಾಸಿನಲ್ಲಿ ಬರುತ್ತದೆ, ಕೈಬಿಟ್ಟಾಗ ನೇರ ಎಸೆತದಂತೆಯೇ ಕಾಣುತ್ತದೆ, ಪ್ಲೇಟಿನ ಹತ್ತಿರ ಬಂದು ಕೆಳಕ್ಕಿಳಿಯುತ್ತದೆ. ಬ್ಯಾಟರ್ ತೀರ್ಮಾನ ಮಾಡಬೇಕಾದದ್ದು ಅದು ಇಳಿಯುವ ಮುಂಚೆ. ಮೇಲಂತಸ್ತಿನಿಂದ ಈ ಇಳಿತ ಕಾಣುವುದಿಲ್ಲ. ಬ್ಯಾಟರಿನ ಮಂಡಿ ನೋಡಿ. ಎಸೆತ ಎಂಥದ್ದೆಂದು ಅಲ್ಲಿ ಗೊತ್ತಾಗುತ್ತದೆ.

ಆ ಸೀಸನ್ ಮುಗಿದಾಗ ಅವನ ರನ್ ಸರಾಸರಿ 1.97, ಅಂದರೆ ಒಂಬತ್ತು ಇನಿಂಗ್ಸಿಗೆ ಎರಡು ರನ್ನೂ ಇಲ್ಲ. ಗೆಲುವು 10, ಸೋಲೂ 10. ತಂಡ ಇಡೀ ಮೇಜರ್ ಲೀಗಿನಲ್ಲಿ ಅತಿ ಕಡಿಮೆ ರನ್ ಹೊಡೆದು 91 ಪಂದ್ಯ ಸೋತಿತ್ತು. ನವೆಂಬರಿನಲ್ಲಿ ಲೀಗಿನ ಶ್ರೇಷ್ಠ ಪಿಚರಿಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಮೊದಲ ಸ್ಥಾನದ 30 ಮತಗಳೂ ಅವನಿಗೇ ಬಂದವು. ಈಗಿನ ನಿಯಮದಂತೆ ಆರು ವರ್ಷದ ಸೇವೆ ತುಂಬಿದ ಆಟಗಾರ ತನಗೆ ಬೇಕಾದ ತಂಡ ಸೇರಬಹುದು. ಹೊಸ ಒಪ್ಪಂದವಾಗದಿದ್ದರೆ ಸ್ಕೀನ್ಸ್ ವಿಷಯದಲ್ಲಿ ಅದು 2029ರ ಕೊನೆಗೆ. ಸೇತುವೆಯ ಮೇಲೆ ವಾಪಸು ನಡೆಯುವಾಗ ಹಿಂದಿನಿಂದ, ಮುಂದಿನಿಂದ ಕಿವಿಗೆ ಬಿದ್ದದ್ದೆಲ್ಲ ಇದೇ ಲೆಕ್ಕ. ಕೆಲವರು ಅಷ್ಟು ದಿನವೂ ಇಟ್ಟುಕೊಳ್ಳುವುದಿಲ್ಲ ಎನ್ನುತ್ತಾರೆ. ಹೊರಗಿನ ನಾಲ್ಕು ಪ್ರತಿಮೆಗಳ ಕಾಲದ ಬಹುಪಾಲಿನಲ್ಲಿ ಈ ಮಾತುಕತೆಗೆ ಜಾಗವೇ ಇರಲಿಲ್ಲ. ಆಟಗಾರನಿಗೆ ಹೋಗುವ ಹಕ್ಕು ಬಂದದ್ದು ಒಳ್ಳೆಯದೇ. ಅವನು ಉಳಿಯಲು ಕಾರಣ ಒದಗಿಸುವುದು ಈಗ ತಂಡದ ಕೆಲಸ, ಅದನ್ನು ಈ ಮಾಲೀಕರು ಇನ್ನೂ ಮಾಡಿ ತೋರಿಸಿಲ್ಲ.

ಹೋಗುವ ಯೋಚನೆ ಇದ್ದವರು ಬೇಸಿಗೆಗಿಂತ ಸೆಪ್ಟೆಂಬರ್ ಮಧ್ಯ ನೋಡಿ. ಸೆಕೆ ಇಳಿದಿರುತ್ತದೆ, 15ನೇ ತಾರೀಕು ಕ್ಲೆಮೆಂಟೆ ದಿನ. ಅಕ್ಟೋಬರ್ 13ಕ್ಕೆ ಹೋದರೆ ಮ್ಯಾಚ್ ಸಿಗದು, ಆದರೆ ಓಕ್‌ಲ್ಯಾಂಡಿನ ಗೋಡೆಯ ಬಳಿ ಪ್ರತಿವರ್ಷ ಅಭಿಮಾನಿಗಳು ಸೇರಿ 1960ರ ಏಳನೇ ಪಂದ್ಯದ ರೇಡಿಯೊ ಕಾಮೆಂಟರಿಯನ್ನು ಮೊದಲಿನಿಂದ ಹಾಕಿ ಕೇಳುತ್ತಾರೆ. ಹೊಡೆತ ಬೀಳುವುದು ಮಧ್ಯಾಹ್ನ 3:36ಕ್ಕೆ. ಮಡಚುವ ಕುರ್ಚಿ ಒಯ್ಯಿರಿ, ಕೂರಲು ಅಲ್ಲಿ ಬೇರೆ ಏನೂ ಇಲ್ಲ.